ಅಲಸಂದಿ ಸಾರು, ಹಲ್ಲಿನ ಕತ್ತರಿ

ಈ ಕಡಿ ಹೊಲಿಗಿ ಮಷೀನು, ಆ ಕಡಿ ಗ್ಯಾಸಿನ ಒಲಿ, ನಡುವ ಒಂದು ಪರದೆ. ಇಂಥ ಮನ್ಯಾಗ ಏನೂ ಆಗದ ಒಂದು ದಿನ ಕಳೀತು ಅಂದ್ರ, ಅವತ್ತು ನಾನು ಊರಾಗ ಇದ್ದಿಲ್ಲ ಅಂತ ತಿಳ್ಕೋರಿ.

ಕೊಟ್ಟೂರಾಗ ನಂದು ಗಂಡಸರ ಬಟ್ಟಿ ಹೊಲಿಯೋ ಅಂಗಡಿ. ಮುಂದಿನ ಕೋಣಿ ಅಂಗಡಿ, ಹಿಂದಿನ ಕೋಣಿ ಅಡಿಗಿಮನಿ. ನಾ ಹೇಳ್ತಿರೋದು ತೊಂಬತ್ತರ ದಶಕದ ಕಡೀ ಕಡೀ ಮಾತು. ನಮ್ಮ ಓಣಿಗೆ ಗ್ಯಾಸು, ಕುಕ್ಕರು ಆಗ ಇನ್ನೂ ಹೊಸಾವು. ಆ ವರ್ಷ ನಮ್ಮಾಕಿಗೆ ಚಿಗಟೇರಿ ಸಾಲ್ಯಾಗ ಟೀಚರ್ ಕೆಲಸ ಸಿಕ್ತು. ಓಣಿ ತುಂಬ ಪೇಢೆ ಹಂಚಿದೆ. ತಿಂದೋರ ಬಾಯಾಗ ಪೇಢೆ ಕರಗೋದ್ರಾಗ ಹಡಗಲಿಯಿಂದ ನಮ್ಮವ್ವ ಬಂದಿಳಿದ್ಲು. ಅವ್ವ ಇರೋದು ಅಲ್ಲಿ, ನಮ್ಮಣ್ಣನ ಮನ್ಯಾಗ. ಬಂದಾಕಿನೇ ಸೊಸೀನ ಎದುರಿಗೆ ಕುಂದ್ರಿಸಿಕೊಂಡ್ಲು.

"ನೌಕರಿ ಮಾಡವ್ವ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ನನ್ನ ಮಗ ಒಲಿ ಮುಂದ ನಿಂತಿದ್ದು ನನ್ನ ಕಣ್ಣಿಗೆ ಬಿತ್ತು ಅಂದ್ರ, ಮರುದಿನಾನ ರಾಜೀನಾಮಿ ಕೊಡಬೇಕು. ಏನಂತಿ?"

ನಮ್ಮಾಕಿ ಅತ್ತಿಗೆ ಎದುರು ಮಾತಾಡಾಕಿ ಅಲ್ಲ. ದೇವರ ಜಗಲಿ ಕಡಿ ತಿರುಗಿ ಕೈ ಮುಗದು "ಹೂಂ ಅತ್ತಿ" ಅಂದ್ಲು. ಆ ಖುಷಿಯಾಗ ಒಂದು ವಿಷಯ ಇಬ್ಬರಿಗೂ ಹೊಳೀಲಿಲ್ಲ. ಆಕಿ ಬೆಳಕು ಹರಿಯೋದ್ರಾಗ ಬಸ್ಸಿಗೆ ಹೋದ್ರ ತಿರುಗಿ ಬರೋದು ಸಂಜಿಗೆ. ರೊಟ್ಟಿ ಬಡದಿಟ್ಟು ಹೋಗ್ತಾಳ, ಖರೇ. ಆದ್ರ ಮಧ್ಯಾಹ್ನ ಬಿಸಿ ಸಾರು ಬೀಳದಿದ್ರ ನನ್ನ ಕೈಯಾಗ ಸೂಜಿಗೆ ದಾರ ಪೋಣಿಸಾಕ ಬರಂಗಿಲ್ಲ. ಬೆಳಿಗ್ಗೆ ಮಾಡಿದ್ದನ್ನ ಮಧ್ಯಾಹ್ನ ಉಣ್ಣು ಅಂದ್ರ ನನಗ ಸಿಟ್ಟು ಮೂಗಿನ ತುದಿಗೆ ಬರ್ತತಿ. ಹುಟ್ಟುಗುಣ, ಏನು ಮಾಡೋದು.

"ಹಂಗಾರ ನೀವ ಮಾಡ್ಕೋರಿ," ಅಂದ್ಲು ನಮ್ಮಾಕಿ. "ಆದ್ರ ಅತ್ತಿ ಕಣ್ಣಿಗೆ ಬಿದ್ದೀರಿ ಅಂದ್ರ ನನ್ನ ನೌಕರಿ ಹೋತು, ನೆನಪಿರಲಿ."

ಹಿಂಗ ಒಬ್ಬ ಟೀಚರಮ್ಮನ ನೌಕರಿ ಒಬ್ಬ ಟೇಲರನ ಕುಕ್ಕರಿನ ಮ್ಯಾಲೆ ಬಂದು ನಿಂತಿತು.

ನೀರಿಗೆ ಹಾಕಿದ್ದು

ನಮ್ಮಾಕಿ ನನಗ ಕಲಿಸಿದ್ದು ಒಂದ ಒಂದು ಅಡಿಗಿ. ಅಲಸಂದಿ ಕಾಳು ಹಿಂದಿನ ದಿನಾನ ನೆನಿ ಇಡಬೇಕು. ಮಧ್ಯಾಹ್ನ ಕುಕ್ಕರಿನಾಗ ಶೇಂಗಾ ಎಣ್ಣಿ ಕಾಸಿ ಸಾಸವಿ, ಬೆಳ್ಳುಳ್ಳಿ, ಕರಿಬೇವು. ಮ್ಯಾಲೆ ಬೀನ್ಸು, ಗಜ್ಜರಿ, ಬದನಿಕಾಯಿ, ಟೊಮೆಟೊ, ಒಂದು ಹಿಡಿ ಪಾಲಕ. ಅದರ ಮ್ಯಾಲೆ ನೆನೆದ ಕಾಳು, ಖಾರದಪುಡಿ, ಉಪ್ಪು, ಹುರಿದ ಶೇಂಗಾ ಪುಡಿ, ನೀರು. ಮುಚ್ಚಳ ಹಾಕಿ ಎರಡು ಸೀಟಿ. ಹಾಲು, ಮೊಸರು, ತುಪ್ಪದ ಗೊಡವಿ ಇಲ್ಲ. ಹಾಲಿನಾಕಿ ಬಂದ್ರೂ ಅಷ್ಟ, ಬರದಿದ್ರೂ ಅಷ್ಟ. ಒಂದು ಪೈಜಾಮ ಹೊಲಿಯೋದ್ರಾಗ ಸಾರು ತಯಾರು.

ಮೊದಲ ತೊಡಕು ಬಂದಿದ್ದು ಈಳಿಗಿಯಿಂದ. ಒಂದು ಕಾಲು ಮಡಚಿ ಅದರ ಮುಂದ ಕುಂತೆ. ಬೀನ್ಸಿಗಿಂತ ಮೊದ್ಲು ನನ್ನ ಲುಂಗಿ ತುಂಡಾತು. "ಹೋಗ್, ಇದರವ್ನ" ಅಂತ ಎದ್ದು, ಹಳೇ ಕತ್ತರಿ ಒಂದನ್ನ ಬಿಸಿನೀರಾಗ ತಿಕ್ಕಿ ತೊಳೆದು ಅಡಿಗಿಗೇ ಅಂತ ಎತ್ತಿಟ್ಟೆ. ಕತ್ತರಿ ಕೈಗೆ ಬಂತು ನೋಡ್ರಿ, ಆಮ್ಯಾಲೆ ನನ್ನ ಹಿಡಿಯೋರ ಇಲ್ಲ. ಬೀನ್ಸು ಎಲ್ಲ ಒಂದ ಅಳತಿ, ಗುಂಡಿ ಹಚ್ಚಿದಂಗ ಸಾಲಾಗಿ ಬಿದ್ವು.

ಎರಡನೇ ತೊಡಕು ನನ್ನ ವಿದ್ಯೆಯಿಂದ ಬಂತು. ನಮ್ಮಾಕಿ "ಒಂದು ಬಟ್ಲು ಕಾಳು ನೆನಿ ಇಡ್ರಿ" ಅಂದಿದ್ಲು. ನಾನು ಟೇಲರು. ಬಟ್ಟಿ ನೀರಿಗೆ ಹಾಕಿದ್ರ ಕುಗ್ತತಿ ಅನ್ನೋದು ಆಕಿಗೇನು ಗೊತ್ತು? ಹತ್ತಿ ಬಟ್ಟಿ ಹೊಲಿಯೋವಾಗ ನಾವು ಮೊದ್ಲ ಒಂಚೂರು ಜಾಸ್ತಿ ಹಿಡಕೊಂತೀವಿ. ಹಂಗ ಕಾಳಿಗೂ ಹಿಡಕೊಂಡೆ. ಒಂದು ಬಟ್ಲಿಗೆ ಇನ್ನೆರಡು ಬಟ್ಲು ಸೇರಿಸಿ, ಪಾತೇಲಿ ತುಂಬ ನೀರು ಹಾಕಿ ಮುಚ್ಚಿಟ್ಟೆ.

ಬೆಳಿಗ್ಗೆ ನೋಡ್ತೀನಿ, ಪಾತೇಲಿ ಮುಚ್ಚಳ ನೆಲದಾಗ ಬಿದ್ದೈತಿ. ಕಾಳು ಪಾತೇಲಿ ತುಂಬಿ, ಕಟ್ಟಿ ಮ್ಯಾಲೆ ಹರದು, ಒಂದೆರಡು ಒಲಿ ತನಕ ನಡಕೊಂಡು ಹೋಗ್ಯಾವ. ನಮ್ಮಾಕಿ ರೊಟ್ಟಿ ಬಡಿಯೋವಾಗ ಮುಚ್ಚಳ ಇನ್ನೂ ಬಿದ್ದಿದ್ದಿಲ್ಲ ಕಾಣ್ತತಿ, ಆಕಿ ಆಗ್ಲೇ ಬಸ್ಸು ಹತ್ತಿ ಹೋಗಿದ್ಲು. ಕಾಳು ಚೆಲ್ಲಾಕ ಮನಸ್ಸು ಬರಲಿಲ್ಲ. ಕುಕ್ಕರಿಗೆ ಹಿಡಿದಷ್ಟು ಕುಕ್ಕರಿಗೆ, ಉಳಿದಿದ್ದು ದೊಡ್ಡ ಬೋಗುಣಿಗೆ ಹಾಕಿ ಎಲ್ಲಾ ಮಾಡಿಬಿಟ್ಟೆ.

ಸಂಜಿಗೆ ಆಕಿ ಬಂದು ಬೋಗುಣಿ ನೋಡಿದ್ಲು, ಕುಕ್ಕರ್ ನೋಡಿದ್ಲು, ನನ್ನ ಮಾರಿ ನೋಡಿದ್ಲು.

"ಯಾರ ಮನಿ ಮದಿವೀರಿ?"

ನಾನು ಕುಗ್ಗೋ ಲೆಕ್ಕ ವಿವರಿಸಿ ಹೇಳಿದೆ. ಆಕಿ ಬಾಗಲಿಗೆ ಆತುಕೊಂಡು ನಕ್ಕಾಳ, ಕಣ್ಣಾಗ ನೀರು ಬರೋತನ ನಕ್ಕಾಳ. ಆಮ್ಯಾಲೆ ಸೆರಗಿಲೆ ಕಣ್ಣು ಒರಸ್ಕೊಂತ ಅಂದ್ಲು: "ಊರಾಗಿನ ಗಂಡಸರ ಪ್ಯಾಂಟು ಯಾಕ ಅಷ್ಟು ಢೀಲ ಇರ್ತಾವ ಅಂತ ಈಗ ತಿಳೀತು ಬಿಡ್ರಿ."

ಸಾವ್ಕಾರ್ರ ಸೊಂಟ

ಶೇಂಗಾ ವ್ಯಾಪಾರದ ಸಾವ್ಕಾರ್ರು ಒಬ್ಬರು ನನ್ನ ಕಾಯಂ ಗಿರಾಕಿ. ಆಳು ಗಟ್ಟಿ, ಹೊಟ್ಟಿ ಇನ್ನೂ ಗಟ್ಟಿ. ಒಂದು ಮಧ್ಯಾಹ್ನ ಪ್ಯಾಂಟಿನ ಅಳತಿ ಕೊಡಾಕ ಬಂದ್ರು. ಒಳಗ ಕುಕ್ಕರ್ ಒಲಿ ಮ್ಯಾಲಿತ್ತು. ಎರಡನೇ ಸೀಟಿಗೆ ಇಳಿಸದಿದ್ರ ಅಲಸಂದಿ ಕರಗಿ ಅಂಟಾಗ್ತತಿ ಅಂತ ನಮ್ಮಾಕಿ ಹತ್ತು ಸಲ ಹೇಳಿದ್ಲು.

ನಾನು ಬಗ್ಗಿ ಟೇಪು ಸಾವ್ಕಾರ್ರ ಸೊಂಟಕ್ಕ ಸುತ್ತಿ, ಎರಡೂ ತುದಿ ಮುಷ್ಟಿಯಾಗ ಹಿಡಿದು ಬಿಗಿ ನೋಡಾಕ ಹತ್ತಿದ್ದೆ. ಕರೆಕ್ಟ್ ಅದ ಹೊತ್ತಿಗೆ ಎರಡನೇ ಸೀಟಿ ಹೊಡೀತು. ಎದ್ದವನ ಒಳಗ ಓಡಿದೆ. ಟೇಪು ಬಿಡಬೇಕು ಅನ್ನೋದು ನೆನಪಾಗಲಿಲ್ಲ.

"ಏ ಏ ಏ, ಎಲ್ಲಿಗೋ, ಬಿಡೋ!" ಅಂತ ಒದರ್ಕೊಂತ ಸಾವ್ಕಾರ್ರು ಸಂತಿಗೆ ಹೊಡಕೊಂಡು ಹೊಂಟ ಎತ್ತಿನಂಗ ನನ್ನ ಹಿಂದ ಬಂದ್ರು. ಪರದೆ ಅವರ ತಲಿ ಮ್ಯಾಲೆ ಬಿತ್ತು. ನಾನು ಒಂದು ಕೈಯಾಗ ಗ್ಯಾಸ್ ಆರಿಸಿದೆ, ಇನ್ನೊಂದು ಕೈಯಾಗ ಸಾವ್ಕಾರ್ರು.

ಪರದೆ ಸರಿಸಿ ಅವರು ಸುತ್ತ ನೋಡಿದ್ರು. ಹೆಚ್ಚಿದ ಬದನಿಕಾಯಿ ತೊಟ್ಟು, ಖಾರದ ಡಬ್ಬಿ, ನನ್ನ ಹೆಗಲ ಮ್ಯಾಲಿನ ಮಸಿಬಟ್ಟಿ. ನನ್ನ ಜೀವ ಬಾಯಿಗೆ ಬಂತು. ಯಾಕಂದ್ರ ಈ ಮನಿಶಾ ವಾರಕ್ಕೊಮ್ಮೆ ಹಡಗಲಿಗೆ ಹೋಗಾಂವ, ಹೋದಾಗೆಲ್ಲ ನಮ್ಮಣ್ಣನ ಅಂಗಡಿ ಕಟ್ಟಿ ಮ್ಯಾಲೆ ಕುಂತು ಊರ ಸುದ್ದಿ ಹೇಳಿ ಬರಾಂವ. ಅಣ್ಣನ ಕಿವಿಗೆ ಬಿದ್ದಿದ್ದು ಅವ್ವನ ಕಿವಿಗೆ ಬೀಳಾಕ ಎಷ್ಟೊತ್ತು?

"ಸಾವ್ಕಾರ್ರ, ಕೈ ಮುಗಿತೀನಿ. ಹಡಗಲ್ಯಾಗ ಬಾಯಿ ಬಿಡಬ್ಯಾಡ್ರಿ. ನಮ್ಮಾಕಿ ನೌಕರಿ ಹೋಗ್ತತಿ."

ಸಾವ್ಕಾರ್ರು ಮೂಗು ಅರಳಿಸಿ ಕುಕ್ಕರ್ ಕಡಿ ನೋಡಿದ್ರು. "ಒಂದು ರೊಟ್ಟಿ ಹಾಕು. ಬಾಯಾಗ ರೊಟ್ಟಿ ಇದ್ರ ಬಾಯಿ ಹೆಂಗ ಬಿಡ್ತೀನಿ?"

ಒಂದು ರೊಟ್ಟಿ ಅಂದೋರು ನಮ್ಮಾಕಿ ಬಡದಿಟ್ಟಿದ್ದ ರೊಟ್ಟಿ ಬುಟ್ಟಿ ಬರಿದು ಮಾಡಿದ್ರು. ಕುಕ್ಕರಿನ ತಳದಾಗ ಚಮಚ ಸಪ್ಪಳ ಆದ ಮ್ಯಾಲೆ ಡರ್ರ್ ಅಂತ ತೇಗಿ ಎದ್ದು ನಿಂತ್ರು. ಎರಡೂ ಕೈ ಮ್ಯಾಲೆ ಎತ್ತಿದ್ರು.

"ಹೂಂ, ಇನ್ನೊಮ್ಮೆ ಅಳಿ. ಆಗಿನ ಅಳತಿ ಈಗ ಉಪಯೋಗಿಲ್ಲ."

ಗಾಡಿ ಸಪ್ಪಳ

ಸಾವ್ಕಾರ್ರ ಬಾಯೇನೋ ಮುಚ್ತು. ಕುಕ್ಕರಿನ ಬಾಯಿ ಮುಚ್ಚೋದು ಹೆಂಗ? ಟೀಚರಮ್ಮ ಚಿಗಟೇರ್ಯಾಗ ಪಾಠ ಹೇಳೋ ಹೊತ್ತಿನಾಗ ಆಕಿ ಮನ್ಯಾಗ ಸೀಟಿ ಹೊಡೀತು ಅಂದ್ರ ಓಣಿ ಮಂದಿಗೆ ತಿಳಿಯಾಕ ಭಾಳ ಓದಿರಬೇಕಾಗಿಲ್ಲ.

ನಮ್ಮ ಅಂಗಡಿ ಎದುರಿಗೆ ಗಾಡಿ ರಿಪೇರಿ ಮಾಡೋ ಮೆಕ್ಯಾನಿಕ್ ಒಬ್ಬ ಇದ್ದ, ನಾವೆಲ್ಲ ಭಾಯಿ ಅಂತ ಕರಿಯಾಂವ. ಕುಕ್ಕರ್ ಚೀಲದಾಗ ಮುಚ್ಚಿಕೊಂಡು ಒಯ್ದೆ.

"ಭಾಯಿ, ಇದು ಸೀಟಿ ಹೊಡೀದಂಗ ಮಾಡಾಕ ಬರ್ತತೇನು?"

ಅವ ತಿರುಗಿಸಿ ಮುರುಗಿಸಿ ನೋಡಿದ. "ಯಾಕ ಬರಂಗಿಲ್ಲ? ಬರ್ತತಿ. ಸೀಟಿ ಹೊಡಿಯಂಗಿಲ್ಲ, ಸೀದಾ ನಿನ್ನ ಮನಿ ಮಾಳಿಗಿ ಹಾರ್ತತಿ. ಅದರ ಸಪ್ಪಳ ಹಡಗಲಿಗೇ ಕೇಳ್ತತಿ. ನಡೀತತೇನು?"

ನನ್ನ ಮಾರಿ ನೋಡಿ ಅವಗ ಪಾಪ ಅನ್ನಿಸ್ತು. ಒಂದು ದಾರಿ ಹೇಳಿಕೊಟ್ಟ. ಕುಕ್ಕರ್ ಇಟ್ಟ ಕೂಡ್ಲೇ ನಾ ಕಿಟಕಿಗೆ ಒಂದು ಬಟ್ಟಿ ನೇತು ಹಾಕಬೇಕು. ಆಮ್ಯಾಲೆ ಸೀಟಿ ಬಂದಾಗೆಲ್ಲ ಅವ ಕೈಯಾಗಿದ್ದ ಯಾವುದಾರ ಗಾಡಿ ಜೋರು ಒದರಿಸಬೇಕು. ಸೀಟಿ ಗಾಡಿ ಸಪ್ಪಳದಾಗ ಮುಚ್ಚಿ ಹೋಗ್ತತಿ. ಇದಕ್ಕ ಅವಗೊಂದು ಬಟ್ಲು ಸಾರು.

ಭಾಯಿ ಕೆಲಸದಾಗ ಭಾಳ ನಿಯತ್ತಿನ ಮನಿಶಾ. ಒಂದು ಸೀಟಿನೂ ಬಿಡ್ತಿದ್ದಿಲ್ಲ. ಒಮ್ಮೆ ಹಾರ್ನ್ ರಿಪೇರಿಗೆ ಬಂದವನೊಬ್ಬ ಜಗಳಕ್ಕ ನಿಂತ. "ನಂದು ಹಾರ್ನ್ ಅಷ್ಟ ಕೆಟ್ಟಿರೋದು, ನೀ ಇಂಜಿನ್ ಯಾಕ ಒದರಸ್ತಿ? ಪೆಟ್ರೋಲು ಪುಗಸಟ್ಟೆ ಬರ್ತತೇನು?"

"ಅರೇ, ಇಂಜಿನ್ ಸಪ್ಪಳ ಎಷ್ಟೈತಿ ಅಂತ ತಿಳೀದ ಹಾರ್ನ್ ಎಷ್ಟು ಜೋರು ಇಡಬೇಕು ಅಂತ ಹೆಂಗ ಹೇಳ್ಲಿ?" ಅಂದ ಭಾಯಿ. ಅವ ಪಾಪ ನಂಬಿ ತಲಿ ಆಡಿಸಿದ.

ಅಂತೂ ಗುಟ್ಟು ಗುಟ್ಟಾಗೇ ಉಳೀತು ಅಂತ ನಾನು ಎದಿ ಉಬ್ಬಿಸಿಕೊಂಡು ತಿರುಗಾಡಿದೆ. ಒಂದು ಸಂಜಿ ನಮ್ಮಾಕಿ ನಳಕ್ಕ ನೀರಿಗೆ ಹೋದಾಕಿ ನಕ್ಕೊಂತ ಬಂದ್ಲು. ನಳದ ಹತ್ರ ಒಬ್ಬಾಕಿ ಕೊಡ ತುಂಬಸ್ಕೊಂತ ಕೇಳಿದ್ಲಂತ: "ಟೀಚರಮ್ಮ, ನಿಮ್ಮನ್ಯಾರು ಇವತ್ತು ಕಾಳು ಜರಾ ಜಾಸ್ತಿ ಬೇಸಿಬಿಟ್ರು ಕಾಣ್ತತಿ. ಗಾಡಿ ನಾಕು ಸಲ ಒದರ್ತಲ್ಲ?"

ಮೇಷ್ಟ್ರ ವ್ರತ

ಓಣಿಗೆಲ್ಲ ಗೊತ್ತಿತ್ತು, ಹಡಗಲಿಗೆ ಒಬ್ಬರೂ ಹೇಳಲಿಲ್ಲ. ನಮ್ಮ ಓಣಿ ಮಂದಿ ಅಂದ್ರ ನನಗ ಇವತ್ತಿಗೂ ಎದಿ ತುಂಬಿ ಬರ್ತತಿ. ಅದರಾಗ ಬಾಜೂ ಮನಿ ರಿಟೈರ್ಡ್ ಮೇಷ್ಟ್ರು ನನ್ನ ಸಾರಿನ ದೊಡ್ಡ ಅಭಿಮಾನಿ.

ಮೇಷ್ಟ್ರಿಗೆ ಮೊಳಕಾಲು ನೋವು. ಎಲ್ಲೋ ಪ್ರಕೃತಿ ಚಿಕಿತ್ಸೆ ಶಿಬಿರಕ್ಕ ಹೋಗಿ ಬಂದು, ಹಾಲು ಮೊಸರು ಬೆಣ್ಣಿ ತುಪ್ಪ ಇನ್ನ ಮುಟ್ಟಂಗಿಲ್ಲ ಅಂತ ಕಟ್ಟಿ ಮ್ಯಾಲೆ ನಿಂತು ಓಣಿಗೆಲ್ಲ ಸಾರಿದ್ರು. ಅವರ ಹೆಂಡ್ತಿಗೆ ಉರಿದು ಹೋತು.

"ಮನಿ ಮುಂದ ಎಮ್ಮಿ ಕಟ್ಟಿಕೊಂಡು ಮೊಸರು ಬ್ಯಾಡ ಅಂದ್ರ, ಎಮ್ಮಿಗೆ ನಾ ಏನಂತ ಹೇಳ್ಲಿ?" ಅಂತ ಕೇಳಿದ್ಲು ಆ ಯಮ್ಮ. ಬ್ಯಾರೆ ಅಡಿಗಿ ಮಾಡಂಗಿಲ್ಲ ಅಂದ್ಲು. ಆಕಿ ಕೈ ಎಂಥದು ಅಂದ್ರ, ಚಟ್ನಿಗೂ ತುಪ್ಪ ಬೀಳ್ತಿತ್ತು.

ಮೇಷ್ಟ್ರು ಬಟ್ಲು ಹಿಡಕೊಂಡು ನನ್ನ ಹಿತ್ತಲ ಬಾಗಲಿಗೆ ಬರಾಕ ಹತ್ತಿದ್ರು. "ಏನಪಾ, ಸಾರು ಆತೇನು?" ದಿನಾ ಒಂದು ಬಟ್ಲು. ಸರಿ, ಬಟ್ಲು ಅವರ ಮನಿಗೆ ಹೋತು. ಆದ್ರ ನಮ್ಮ ಕಡಿ ಪದ್ಧತಿ ನಿಮಗ ಗೊತ್ತಲ್ಲ, ಬಟ್ಲು ಯಾರದ ಇರ್ಲಿ, ಒಬ್ಬರ ಮನಿಯಿಂದ ತುಂಬಿ ಬಂತು ಅಂದ್ರ ತುಂಬಿಸೇ ವಾಪಸ್ ಕಳಸಬೇಕು. ಮೇಷ್ಟ್ರ ಹೆಂಡ್ತಿ ಮಹಾ ಪದ್ಧತಿ ಹೆಣ್ಮಗಳು. ಬಟ್ಲು ತಿಕ್ಕಿ ತೊಳೆದು, ಅದರ ತುಂಬ ಕೆನಿ ಮೊಸರು ಹಾಕಿ ನನಗ ಕಳಸ್ತಿದ್ಲು. ಮನ್ಯಾಗ ಉಣ್ಣೋರಿಲ್ಲದ ಮೊಸರು, ಎಲ್ಲಿಗೆ ಹೋಗಬೇಕು?

ನನ್ನ ಸಾರಿಗೆ ಮೊಸರು ಬೇಕಾಗಿದ್ದಿಲ್ಲ. ಬಟ್ಲು ಕಟ್ಟಿ ಮ್ಯಾಲೆ ಹಂಗ ಇರ್ತಿತ್ತು. ಒಂದಿನ ಮೇಷ್ಟ್ರು "ಇಲ್ಲೇ ಉಣ್ತೀನಿ ಬಿಡಪಾ" ಅಂತ ಅಡಿಗಿಮನ್ಯಾಗ ಕುಂತ್ರು. ಕೈ ರೊಟ್ಟಿ ಮ್ಯಾಲೆ, ಕಣ್ಣು ಕಟ್ಟಿ ಮ್ಯಾಲೆ.

"ಅದೇನದು, ಆ ಬಟ್ಲಾಗ?"

"ನಿಮ್ಮನಿ ಮೊಸರು, ಸರ್."

"ಓಹೋ. ಬಿಸಿಲು ಭಾಳ ಐತಿ, ಹುಳಿ ಆಗಿರಬೇಕು. ಕೊಡಿಲ್ಲೆ, ನೋಡಿ ಹೇಳ್ತೀನಿ."

ಒಂದು ಚಮಚ ನೋಡಿದ್ರು. ತಿಳೀಲಿಲ್ಲ ಅಂದ್ರು. ಇನ್ನೊಂದು ನೋಡಿದ್ರು. ಬಟ್ಲು ಎತ್ತಿ ಬಾಯಿಗೆ ಹಚ್ಚಿ ಕಡೀ ಹನಿತನ ನೋಡೋದಕ್ಕೂ, ಅವರ ಹೆಂಡ್ತಿ "ನಮ್ಮ ಇನ್ನೊಂದು ಬಟ್ಲು ಇಲ್ಲೈತೇನ್ರಿ" ಅಂತ ಹಿತ್ತಲ ಬಾಗಲಾಗ ಬಂದು ನಿಂದ್ರೋದಕ್ಕೂ ಸರಿ ಹೋತು. ಮೇಷ್ಟ್ರ ಮೀಸಿ ಬೆಳ್ಳಗ ಆಗಿತ್ತು.

"ಏನ್ರೀ ಇದು? ವ್ರತ ಎಲ್ಲಿಗೆ ಹೋತು?"

ಮೇಷ್ಟ್ರು ಗಂಭೀರವಾಗಿ ಮೀಸಿ ಒರೆಸಿಕೊಂಡ್ರು. "ನಾನು ಬಿಟ್ಟಿದ್ದು ನಮ್ಮನಿ ಮೊಸರು. ಇದು ಟೇಲರ್ ಮನಿ ಮೊಸರು."

ಅವ್ವ ಬಂದ್ಲು

ಅವ್ವ ಬರೋದಿದ್ರ ಎಸ್‌ಟಿಡಿ ಬೂತಿಗೆ ಫೋನ್ ಮಾಡಿಸಿ ಮೊದ್ಲ ಹೇಳ್ತಿದ್ಲು. ಅವತ್ತು ನಮ್ಮಾಕಿ ರಜಾ ಹಾಕಿ ಒಲಿ ಮುಂದ ನಿಲ್ತಿದ್ಲು, ನಾನು ಕಾಲು ಮ್ಯಾಲೆ ಕಾಲು ಹಾಕಿಕೊಂಡು ಪೇಪರ್ ಓದ್ತಿದ್ದೆ. ಆ ಸೋಮವಾರ ಬೂತಿನ ಫೋನ್ ಕೆಟ್ಟಿತ್ತು. ಗುಡಿಗೆ ಹೋಗಿ ಬರೋಣು ಅಂತ ಅವ್ವ ಹಂಗ ಬಸ್ಸು ಹತ್ತಿ ಬಂದಿದ್ಲು.

ಅವತ್ತ ಇನ್ನೊಂದು ಕೆಟ್ಟಿತ್ತು. ಭಾಯಿ ಹಿಂದಿನ ದಿನ ಟ್ಯೂಬಿಗೆ ಪ್ಯಾಚ್ ಕತ್ತರಿಸಾಕ ನನ್ನ ಅಡಿಗಿ ಕತ್ತರಿ ಒಯ್ದು, ರಬ್ಬರ್ ವಾಸನಿ ಹಚ್ಚಿ ವಾಪಸ್ ಕೊಟ್ಟಿದ್ದ. ಎಷ್ಟು ತಿಕ್ಕಿದ್ರೂ ಹೋಗವಲ್ದು. ಅಂಗಡ್ಯಾಗ ಇನ್ನೊಂದು ಕತ್ತರಿ ಇತ್ತು, ಹಲ್ಲಿನ ಕತ್ತರಿ. ಬಟ್ಟಿ ಅಂಚು ಎಳಿ ಬಿಡಬಾರ್ದು ಅಂತ ಹೊಡಿಯೋದು. ಅದರಾಗ ಕತ್ತರಿಸಿದ್ರ ಅಂಚಿಗೆಲ್ಲ ಸಣ್ಣ ಸಣ್ಣ ಹಲ್ಲು ಬೀಳ್ತಾವ. ಅದನ್ನ ತೊಳೆದು ಬೀನ್ಸು ಕತ್ತರಿಸಿದೆ, ಪಾಲಕನೂ ಕತ್ತರಿಸಿದೆ. ಭಾಳ ಚಂದ ಕಂಡ್ತು. ಕುಕ್ಕರ್ ಇಟ್ಟೆ.

ಒಂದು ಸೀಟಿ ಆಗಿತ್ತು. ಎದುರಿಗೆ ಭಾಯಿ ಗಾಡಿ ಒದರಿಸಿದ, ನಿಲ್ಲಸಲಿಲ್ಲ. ಒದರಸ್ತಾನ, ಒದರಸ್ತಾನ. "ಏನಾತೋ ಇವಗ" ಅಂತ ಹೊರಗ ಹಣಿಕಿ ಹಾಕಿದೆ. ಭಾಯಿ ಒಂದು ಕೈಯಾಗ ಗಾಡಿ ಹಿಡಿದು ಇನ್ನೊಂದು ಕೈಯಾಗ ಓಣಿ ತುದಿ ತೋರಸ್ತಾನ. ಅಲ್ಲಿ ನಮ್ಮವ್ವ. ಕೈಯಾಗ ಮಲ್ಲಿಗಿ ಹೂವಿನ ಪೊಟ್ಟಣ.

ಹಾರಿ ಬಂದು ಮಷೀನ್ ಮುಂದ ಕುಂತೆ. ಅವ್ವ ಒಳಗ ಬಂದು, ಗಿರಾಕಿ ಕುಂದ್ರೋ ಬಾಜೆ ಮ್ಯಾಲೆ ಕುಂತು, ನೀರು ಕುಡಿಯೋದ್ರಾಗ ಪರದೆ ಹಿಂದ ಎರಡನೇ ಸೀಟಿ ಹೊಡೀತು.

"ಒಲಿ ಮ್ಯಾಲೆ ಏನೈತೋ? ಆಕಿ ಸಾಲಿಗೆ ಹೋಗಿಲ್ಲೇನು?"

ಅಷ್ಟರಾಗ ಹಿತ್ತಲ ಬಾಗಲಿಂದ "ಏನಪಾ, ಸಾರು..." ಅಂತ ಬಟ್ಲು ಹಿಡಕೊಂಡು ಮೇಷ್ಟ್ರು ಬಂದ್ರು. ಅವ್ವನ ನೋಡಿ ಅಲ್ಲೇ ನಿಂತ್ರು. ನನ್ನ ಮಾರಿ ನೋಡಿದ್ರು.

"...ಸಾರು ಆತೇನು ನಮ್ಮದು, ಅಂತ ಕೇಳಾಕ ಬಂದೆ. ನಮ್ಮನಿ ಗ್ಯಾಸ್ ಮುಗಿದೈತಿ ನೋಡವ್ವ. ನಮ್ಮಾಕಿ ಇಲ್ಲೇ ಕುಕ್ಕರ್ ಇಟ್ಟು ಹೋಗ್ಯಾಳ."

ಪಾಪ, ಸುಳ್ಳು ಹೇಳಿ ರೂಢಿ ಇಲ್ಲದ ಮನಿಶಾ. ಕಿವಿ ಎರಡೂ ಕೆಂಪಗಾದ್ವು.

"ಹಂಗಾರ ಒಯ್ರಿ ಮೇಷ್ಟ್ರ, ಆರಿ ಹೋಗ್ತತಿ," ಅಂದ್ಲು ಅವ್ವ.

ಒಯ್ಯದ ದಾರಿ ಇಲ್ಲ. ಮೇಷ್ಟ್ರು ನನ್ನ ಕುಕ್ಕರ್ ಎತ್ತಿಕೊಂಡು, ತಿರುತಿರುಗಿ ನನ್ನ ನೋಡ್ಕೊಂತ ಹೊಂಟು ಹೋದ್ರು. ನನ್ನ ಊಟ ಹಿತ್ತಲ ಬಾಗಲು ದಾಟಿ ಹೋಗೋದು ನಾ ಕಣ್ಣಾರೆ ಕಂಡೆ.

"ನೀ ಏನು ಉಣ್ತೀಯೋ ಈಗ?" ಅವ್ವ ರೊಟ್ಟಿ ಬುಟ್ಟಿ ತೆಗೆದು ನೋಡಿದ್ಲು.

"ರೊಟ್ಟಿ ಐತಿ. ಶೇಂಗಾ ಚಟ್ನಿ ಐತಿ."

"ಒಣ ರೊಟ್ಟಿ, ಒಣ ಚಟ್ನಿ! ಬಿಸಿ ಸಾರಿಲ್ಲದ ಒಂದಿನ ಕಳೆದಾಂವಲ್ಲ ನನ್ನ ಮಗ. ಸಂಜಿಗೆ ಬರ್ಲಿ ಆಕಿ, ನಾ ಮಾತಾಡ್ತೀನಿ."

ನೋಡ್ರಿ ನನ್ನ ಗತಿ! ಒಲಿ ಮುಂದ ನಿಂತಿದ್ದು ಕಂಡ್ರ ನೌಕರಿ ಹೋಗ್ತತಿ. ನಿಂತಿಲ್ಲ ಅಂದ್ರ ಒಣ ರೊಟ್ಟಿ ಕಂಡು ನೌಕರಿ ಹೋಗ್ತತಿ. ಎತ್ತ ತಿರುಗಿದ್ರೂ ನಮ್ಮಾಕಿ ರಾಜೀನಾಮಿ ನನ್ನ ಕಣ್ಣ ಮುಂದ ಕುಣೀತು.

ಆಗ ಮೇಷ್ಟ್ರ ಹೆಂಡ್ತಿ ಬಂದ್ಲು. ಮನಿಗೆ ಹಿರೇರು ಬಂದಾರ ಅಂತ ತಿಳಿದು ಸುಮ್ಮನ ಕುಂದ್ರೋ ಹೆಣ್ಮಗಳೇನು ಆಕಿ? ಬಟ್ಲು ತುಂಬ ಬಿಸಿ ಸಾರು. ನಂದ ಸಾರು, ನನಗ ವಾಪಸ್.

"ಯಕ್ಕಾ, ಉಣ್ರಿ. ನಾನ ಮಾಡೀನಿ."

ಅವ್ವ ರೊಟ್ಟಿ ಮುರಿದು ಅದ್ದಿದ್ಲು. ಒಂದು ತುತ್ತು ಬಾಯಿಗಿಟ್ಟಾಕಿ ಹುಬ್ಬು ಏರಿಸಿದ್ಲು. "ರುಚಿ ಐತಲ್ಲಬೇ! ತುಪ್ಪ ಇಲ್ಲ ಏನಿಲ್ಲ, ನಾಲಿಗಿಗೆ ಹಿಡಿಸ್ತು." ಮೇಷ್ಟ್ರ ಹೆಂಡ್ತಿ ನನ್ನ ಕಡಿ ನೋಡಿ ಕಣ್ಣಾಗ ನಕ್ಕಳು. ನಾನು ಮಷೀನ್ ಹಿಂದ ಹಿಗ್ಗಿ ಹೀರೇಕಾಯಿ ಆದೆ.

ಮೂರನೇ ತುತ್ತಿಗೆ ಅವ್ವನ ಕೈ ನಿಂತಿತು. ಬಟ್ಲಾಗಿಂದ ಒಂದು ಬೀನ್ಸ್ ತುಂಡು ಎತ್ತಿ ಬೆಳಕಿಗೆ ಹಿಡಿದ್ಲು. ತಿರುಗಿಸಿ ನೋಡಿದ್ಲು. ಇನ್ನೊಂದು ಎತ್ತಿದ್ಲು.

"ಇದನ್ನ ಯಾವುದ್ರಾಗ ಹೆಚ್ಚಿದ್ಯವ್ವ?"

"ಈಳಿಗ್ಯಾಗ. ಮತ್ತ್ಯಾವುದ್ರಾಗ ಹೆಚ್ತಾರ?"

"ನಿಮ್ಮನಿ ಈಳಿಗಿಗೆ ಹಲ್ಲು ಬಂದಾವೇನು?"

ಅವ್ವ ಎದ್ದು ನನ್ನ ಬಟ್ಟಿ ಕತ್ತರಿಸೋ ಮೇಜಿನ ಹತ್ರ ಬಂದ್ಲು. ಹಲ್ಲಿನ ಕತ್ತರಿ ಅಲ್ಲೇ ಬಿದ್ದಿತ್ತು. ಎತ್ತಿದ್ಲು. ಅದರ ಹಲ್ಲಿನ ಸಂದಿನಾಗ ಪಾಲಕ ಎಲಿ ಚೂರು ಇನ್ನೂ ಅಂಟಿಕೊಂಡಿತ್ತು. ಬೀನ್ಸ್ ತುಂಡನ್ನ ಕತ್ತರಿ ಬಾಯಿಗೆ ಹಿಡಿದು ನೋಡಿದ್ಲು. ಹಲ್ಲಿಗೆ ಹಲ್ಲು ಕೂಡ್ತು.

"ಎಮ್ಮಿ ಒದರಾಕ ಹತ್ತೈತಿ ನೋಡ್ರಿ" ಅಂತ ಮೇಷ್ಟ್ರ ಹೆಂಡ್ತಿ ಎದ್ದ ಓಡಿದ್ಲು. ಎಮ್ಮಿ ಮೇಯಾಕ ಹೋಗಿ ಭಾಳೊತ್ತಾಗಿತ್ತು.

ಅವ್ವ ಬೈಯಲಿಲ್ಲ. ಅದ ಕಷ್ಟ ಆಗಿದ್ದು. ಬಟ್ಲಾಗಿನ ಸಾರು ಪೂರ್ತಿ ಉಂಡ್ಲು, ಕೈ ತೊಳದ್ಲು, ಕತ್ತರಿ ಉಡ್ಯಾಗ ಇಟ್ಕೊಂಡು ಬಾಜೆ ಮ್ಯಾಲೆ ಕುಂತ್ಲು. ಆ ಮಧ್ಯಾಹ್ನ ನಾ ಹೊಲಿದ ಅಂಗಿಗೆ ಎರಡೂ ಎಡಗೈ ತೋಳು ಬಂದಿದ್ವು.

ಸಂಜಿಗೆ ನಮ್ಮಾಕಿ ಬಂದ್ಲು, ಹೆಗಲಿಗೆ ಬ್ಯಾಗು, ಬೆರಳಿಗೆ ಸುಣ್ಣದಕಡ್ಡಿ ಪುಡಿ. ಅತ್ತಿನ ನೋಡಿದ್ಲು, ಅತ್ತಿ ಉಡ್ಯಾಗಿನ ಕತ್ತರಿ ನೋಡಿದ್ಲು, ನನ್ನ ನೋಡಿದ್ಲು. ಎಲ್ಲಾ ತಿಳೀತು ಆಕಿಗೆ. ಬ್ಯಾಗು ಕೆಳಗ ಇಟ್ಟು, "ಅತ್ತಿ, ನಾಳಿನ ಬರದು ಕೊಡ್ತೀನ್ರಿ" ಅಂದ್ಲು. ಕಣ್ಣು ತುಂಬಿ ಬಂದಿದ್ವು. ಆ ನೌಕರಿ ಅಂದ್ರ ಆಕಿಗೆ ಜೀವ.

"ಅವ್ವ, ಆಕಿದೇನೂ ಇಲ್ಲ. ಬಿಸಿ ಸಾರು ಬೇಕು ಅಂತ ಹಠ ಹಿಡದಾಂವ ನಾನು..."

"ನೀ ಸುಮ್ನಿರಲೇ." ಅವ್ವ ಸೊಸಿ ಕಡಿ ತಿರುಗಿದ್ಲು. "ನಾ ಏನಂದಿದ್ದೆ? ಒಲಿ ಮುಂದ ನಿಂತಿದ್ದು ನನ್ನ ಕಣ್ಣಿಗೆ ಬಿದ್ರ ಅಂದಿದ್ದೆ. ನಾ ಬಂದಾಗ ಇವ ಮಷೀನ್ ಮುಂದ ಕುಂತಿದ್ದ. ನಾ ಏನೂ ನೋಡಿಲ್ಲ. ಬೆಳಿಗ್ಗೆ ಎದ್ದು ಸಾಲಿಗೆ ಹೋಗು."

ನಮ್ಮಾಕಿ ಬಾಯಿ ತೆರದು ನಿಂತ್ಲು. ಅವ್ವ ಸೆರಗು ಮೂಗಿಗೆ ಹಚ್ಚಿಕೊಂಡ್ಲು.

"ಇವರಪ್ಪ ಇದ್ದಾಗ ಜ್ವರ ಬಂದು ಮಲಗಿದ್ರೂ ನಾನ ಎದ್ದು ಒಲಿ ಹಚ್ಚಬೇಕು. ಒಂದು ತಂಬಿಗಿ ನೀರು ಕೊಟ್ಟಾಂವಲ್ಲ ಪುಣ್ಯಾತ್ಮ. ಈ ಮನಿತನಕ್ಕ ಬಂದಾಗಿನಿಂದ ಒಬ್ಬ ಗಂಡಸು ಮಾಡಿದ್ದು ನಾ ಉಂಡಿದ್ದು ಇವತ್ತ ನೋಡವ್ವ, ಇವತ್ತ." ಆಮ್ಯಾಲೆ ನನ್ನ ಕಡಿ ಕತ್ತರಿ ತೋರಿಸಿ ಗದರಿಸಿದ್ಲು. "ಬೆಳ್ಳುಳ್ಳಿ ಅಷ್ಟು ಕರ್ರಗ ಮಾಡಬ್ಯಾಡಲೇ, ಕಹಿ ಬರ್ತತಿ!"

ನಮ್ಮಾಕಿ ಅತ್ತಿ ಕೊರಳಿಗೆ ಬಿದ್ದು ಅತ್ಲು, ನಕ್ಕಳು. ನಾನೂ ಮಷೀನಿನ ಹಿಂದ ಕುಂತು ಯಾರದೋ ಅಂಗಿ ತೋಳಿಗೆ ಕಣ್ಣು ಒರೆಸಿಕೊಂಡೆ. ಮರುದಿನ ಅವ್ವ ಹಡಗಲಿಗೆ ಹೋದ್ಲು.

ಅದ ವಾರ ಒಂದು ಮಧ್ಯಾಹ್ನ ಎದುರಿಗೆ ಗಾಡಿ ಒದರಾಕ ಹತ್ತಿತು. ನಾನಿನ್ನೂ ಕುಕ್ಕರ್ ಇಟ್ಟಿದ್ದಿಲ್ಲ. "ಇನ್ಯಾರಪಾ ಬಂದ್ರು" ಅಂತ ಹೊರಗ ಬಂದೆ. ಓಣಿ ತುದಿಯಿಂದ ನಮ್ಮಣ್ಣ ಬರ್ತಿದ್ದ. ತಾಟಿಗೆ ತಾನ ಉಪ್ಪು ಹಾಕ್ಕೊಳ್ಳದ ಮನಿಶಾ, ಕೈಯಾಗ ಬಟ್ಟಿ ಬ್ಯಾಗು, ಮಾರಿ ಮ್ಯಾಲೆ ಬೆಂಕಿ.

"ಏನಣ್ಣ, ಹೇಳದ ಕೇಳದ? ಎಲ್ಲಾ ಆರಾಮ ಅದಾರಲ್ಲ?"

ಅಣ್ಣ ಬ್ಯಾಗು ಬಾಜೆ ಮ್ಯಾಲೆ ಒಗೆದು ಅಂಗಿ ತೋಳು ಮಡಚಿದ.

"ಅವ್ವ ಕಳಿಸ್ಯಾಳ. ಅಲಸಂದಿ ಸಾರು ಕಲಿಯೋತನ ಮನಿಗೆ ಬರಬ್ಯಾಡ ಅಂದಾಳ. ಎಲ್ಲೈತಿ ಆ ಹಲ್ಲಿನ ಕತ್ತರಿ, ತಾ ಇಲ್ಲಿ."